ತೋಂಟದಾರ್ಯ ಭಾವನ ತೋಟದ ರೈಲು

ನಮ್ಮ ಭಾವ ತೋಂಟದಾರ್ಯ ತಮ್ಮ ತೆಂಗಿನ ತೋಟದಲ್ಲಿ ರೈಲು ಯಾಕೆ ಬಿಟ್ಟರು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ರೇಗುತ್ತದೆ. ಗೊತ್ತಿದ್ದರೆ ತಾನೆ ಹೇಳುವುದು? ಅವರನ್ನೇ ಕೇಳಿ ನೋಡಿದ್ದೇನೆ. "ಬಿಡಬೇಕು ಅನ್ನುಸ್ತು ಕಣಪ್ಪ, ಬಿಟ್ಟೆ" ಎಂದು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ಕಾರಣ ನನಗೇನಾದರೂ ತಿಳಿದಿರಬಹುದೇನೋ ಎನ್ನುವ ಹಾಗೆ.

ನೊಣವಿನಕೆರೆಯಲ್ಲಿ ಅವರದು ಒಳ್ಳೆಯ ತೋಟ. ಕಾಯಿ ಕೆಡವಿಸಿ ಅಟ್ಟಕ್ಕೆ ತುಂಬುವುದು, ವರ್ಷ ಕಳೆದ ಮೇಲೆ ಒಡೆಸಿ ಕೊಬ್ಬರಿ ತೆಗೆದು ತಿಪಟೂರಿನ ಮಂಡಿಗೆ ಹಾಕುವುದು, ಎರಡು ಹೊತ್ತು ಲಿಂಗಪೂಜೆ, ಇಷ್ಟೇ ಅವರ ಬದುಕು. ಬೀಡಿ ಸಿಗರೇಟಿಲ್ಲ, ಜೋರು ಮಾತಿಲ್ಲ. ಇಂಥವರಿಗೆ ನಮ್ಮಕ್ಕ ವಿಮಲಮ್ಮನನ್ನು ಕೊಟ್ಟು ನಮ್ಮಪ್ಪ ನಿಶ್ಚಿಂತೆಯಿಂದ ಇದ್ದರು. ಅವರಿಗೆ ಮಕ್ಕಳಾಗಲಿಲ್ಲ. ಡಾಕ್ಟರು, ಹರಕೆ ಎಲ್ಲ ಮುಗಿದ ಮೇಲೆ ಎರಡೂ ಮನೆಯವರು ಆ ಮಾತು ಎತ್ತುವುದನ್ನೇ ಬಿಟ್ಟೆವು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕೊಬ್ಬರಿ ಹಾಕಲು ತಿಪಟೂರಿಗೆ ಹೋದ ಭಾವ ಗುಜರಿ ಅಂಗಡಿಯಿಂದ ಲಾರಿಯ ವೈಪರ್ ಮೋಟರೊಂದನ್ನು ಹೊತ್ತು ತಂದರು. ಆಮೇಲೆ ಕಬ್ಬಿಣದ ಪಟ್ಟಿಗಳು ಬಂದವು. ಉರುಳಿಬಿದ್ದ ತೆಂಗಿನ ಮರವನ್ನು ಸೀಳಿಸಿ ಕಂಬಿಯ ಅಡಿಗೆ ಹಾಸಿದರು. ಮರಗಳ ನಡುವೆ ಬಳಸಿಕೊಂಡು, ನೀರಿನ ಕಾಲುವೆಯ ಮೇಲೆ ಪುಟ್ಟ ಸೇತುವೆ ದಾಟಿ, ಬಾವಿಯ ಪಕ್ಕಕ್ಕೆ ವಾಪಸು ಬರುವ ದಾರಿ. ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ಎಂಜಿನ್ನು ಮೊಣಕಾಲೆತ್ತರ ಇತ್ತು. ಮೊದಲು ಕಂಬಿಯಲ್ಲೇ ಕರೆಂಟು ಹರಿಸಿದರು. ತೋಟಕ್ಕೆ ನೀರು ಬಿಟ್ಟರೆ ಕೆಸರು, ನೀರು ಆರಿದರೆ ತುಕ್ಕು. ಗಾಡಿ ಕಂಡಕಂಡಲ್ಲಿ ನಿಲ್ಲುತ್ತಿತ್ತು. ಕೊನೆಗೆ ಕಾರಿನ ಹಳೇ ಬ್ಯಾಟರಿಯನ್ನೇ ಎಂಜಿನ್ನಿನ ಹಿಂದಿನ ಡಬ್ಬಿಯಲ್ಲಿ ಕೂರಿಸಿ ಅದರಿಂದ ಮೋಟರ್ ತಿರುಗಿಸಿದರು. ರೈಲು ಓಡಿತು. ಬ್ಯಾಟರಿಗೆ ಚಾರ್ಜು ಹಾಕಿಸಲು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಪಟೂರಿಗೆ ಹೋಗಿ ಬರುತ್ತಿದ್ದರು. ಆಸಿಡ್ ತಗುಲಿ ಪಂಚೆಗಳೆಲ್ಲ ತೂತು.

ಊರವರಿಗೆ ತಲೆಬುಡ ತಿಳಿಯಲಿಲ್ಲ. ಕಾಯಿ ಸಾಗಿಸಲು ಇರಬೇಕು ಎಂದರು ಕೆಲವರು. ನಾಲ್ಕು ಕಾಯಿ ಹೇರಿದರೆ ಅದು ಮುಕ್ಕರಿಯುತ್ತಿತ್ತು. ಪಕ್ಕದ ತೋಟದ ಹುಚ್ಚರಂಗಯ್ಯ ಬೇಲಿಯ ಆಚೆಯಿಂದಲೇ, "ಮಕ್ಕಳಿಲ್ಲದ ಮನೇಲಿ ಆಟದ ಸಾಮಾನು ಯಾರಿಗೆ ಸ್ವಾಮಿ?" ಎಂದು ಕೇಳಿದನಂತೆ. ಆ ಮಾತು ತುರುವೇಕೆರೆಯ ನನ್ನ ಅಂಗಡಿಗೂ ಬಂತು. ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಹುಚ್ಚರಂಗಯ್ಯನ ಮೇಲಲ್ಲ, ಭಾವನ ಮೇಲೆ.

ಅಕ್ಕನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವಂತಿರಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ, ತೆಗೆಯಿರಿ ಎನ್ನಲಿಲ್ಲ. ಬುತ್ತಿ ಹೊತ್ತು ತಂದಾಗ ಸೀರೆ ಎತ್ತಿಕೊಂಡು ಕಂಬಿ ದಾಟುತ್ತಿದ್ದಳು, ಅಷ್ಟೇ. "ನೋಡೇ, ಹೆಂಗೋಯ್ತದೆ" ಎಂದು ಭಾವ ಹೇಳಿದರೆ "ಹೂಂ, ಊಟ ಮಾಡಿ" ಎನ್ನುವಳು. ಭಾವನಿಗೆ ಇದೇ ದೊಡ್ಡ ಗೊಂದಲ. "ಬ್ಯಾಡ ಅಂದ್ಬುಟ್ರೆ ಇವತ್ತೇ ಕಿತ್ತಾಕ್ತೀನಿ. ಏನೂ ಅನ್ನಲ್ವಲ್ಲಪ್ಪ ನಿಮ್ಮಕ್ಕ" ಎಂದು ನನ್ನ ಹತ್ತಿರ ಪೇಚಾಡಿದರು.

ಮೊದಲ ವರ್ಷದ ಚಳಿಗಾಲ ಕಂಬಿ ಹಾಸುವುದರಲ್ಲೇ ಕಳೆದಿತ್ತು. ಎರಡನೇ ವರ್ಷ ಮಾಗಿಯ ಚಳಿ ಬಿದ್ದಾಗ ರೈಲು ಕೈಕೊಟ್ಟಿತು. ಬೆಳಿಗ್ಗೆ ಎಷ್ಟು ಒದ್ದಾಡಿದರೂ ಚಕ್ರ ಅಲುಗದು. ಒಮ್ಮೊಮ್ಮೆ ಮಧ್ಯಾಹ್ನ ಬಿಸಿಲು ಏರಿದ ಮೇಲೆ ತಾನಾಗಿಯೇ ಹೊರಡುವುದು, ಸಂಜೆಗೆ ಮತ್ತೆ ಹೂತ ಗೂಟ. ಭಾವ ಬೇರೆ ಬ್ಯಾಟರಿ ಹಾಕಿದರು, ವೈರು ಬದಲಿಸಿದರು. ಮನೆಗೆಲಸದ ಕೆಂಪಕ್ಕ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಎಲ್ಲರಿಗೂ ಕೆಮ್ಮು ಬಂತೇ ಹೊರತು ರೈಲು ಹೊರಡಲಿಲ್ಲ. ಅದೇ ದಿನಗಳಲ್ಲಿ ಅಕ್ಕ ಊಟ ಕಡಿಮೆ ಮಾಡಿದಳು. ಕೇಳಿದರೆ ಏನಿಲ್ಲ ಎನ್ನುವಳು. ಭಾವ ನನಗೆ ಹೇಳಿಕಳಿಸಿದರು.

ನಾನು ಹೋದವನೇ ಸುಮ್ಮನಿರಲಿಲ್ಲ. "ಅಕ್ಕ ಯಾಕೆ ಬಾಡಿದಾಳೆ ಅಂತ ನನ್ ಕೇಳ್ತೀರಾ ಭಾವ? ಮಕ್ಕಳ ಆಟದ ಸಾಮಾನು ದಿನಾ ಕಣ್ಮುಂದೆ ಓಡಾಡ್ತಿದ್ರೆ ಆ ಜೀವಕ್ಕೆ ಹೆಂಗಾಗಬೇಡ? ಮೊದ್ಲು ಕಿತ್ತು ಎಸೀರಿ ಅದ್ನ" ಎಂದುಬಿಟ್ಟೆ. ಭಾವ, "ನಂಗೆ ಇದು ಹೊಳೀಲೇ ಇಲ್ಲ ಕಣಪ್ಪ" ಎಂದು ಸ್ಪ್ಯಾನರ್ ತೆಗೆದುಕೊಂಡು ಎದ್ದರು. ಅವರ ಮುಖ ನೋಡಿ ನನಗೆ ಅಯ್ಯೋ ಅನಿಸಿತು.

ಮೊದಲು ಎಂಜಿನ್ನು ಬಿಚ್ಚಿದರು. ಹಲ್ಲಿನ ಚಕ್ರಗಳ ಸುತ್ತ ಬೆಣ್ಣೆಯಂಥದ್ದು ಬೆಳ್ಳಗೆ ಮೆತ್ತಿಕೊಂಡಿತ್ತು. ಕೊಬ್ಬರಿ ಎಣ್ಣೆ! ಮನೆಯಲ್ಲಿ ಗಾಣದ ಎಣ್ಣೆ ಇರುವಾಗ ಅಂಗಡಿಯದು ಯಾಕೆ ಎಂದು ಭಾವ ಅದನ್ನೇ ಹುಯ್ಯುತ್ತ ಬಂದಿದ್ದರು. ನಮ್ಮ ಕಡೆ ಬಾಗಿಲಿಗೂ ಅದೇ, ಸೈಕಲ್ಲಿಗೂ ಅದೇ, ತಲೆಗೂ ಅದೇ. ಚಳಿಗೆ ಹೆಪ್ಪುಗಟ್ಟಿದ ಎಣ್ಣೆಯನ್ನು ಬಚ್ಚಲಲ್ಲಿ ದಿನಾ ಕಾಯಿಸಿಕೊಳ್ಳುವ ನಾವು ಒಬ್ಬರಾದರೂ ಯೋಚಿಸಬೇಡವೇ? ನನಗೆ ನಗು ಬಂತು. ಭಾವ ನಗಲಿಲ್ಲ. ಎಂಜಿನ್ನನ್ನು ಪಕ್ಕಕ್ಕಿಟ್ಟು ಕಂಬಿಯ ಮೊಳೆಗೆ ಹಾರೆ ಹಾಕಿದರು.

ಅಕ್ಕ ಬುತ್ತಿಯನ್ನು ನೆಲಕ್ಕೆ ಕುಕ್ಕಿದ ಸದ್ದಾಯಿತು.

"ಏನ್ ಮಾಡ್ತಿದೀರಿ? ಹಾರೆ ಬುಡಿ."

"ನಿಂಗೆ ಬೇಜಾರಾಗದೆ ಇರ್ಲಿ ಅಂತ ಕಣೇ..."

"ಬೇಜಾರು ಅಂತ ನಾನು ಯಾವತ್ತು ಹೇಳ್ದೆ?"

"ಮತ್ತೆ ಇಷ್ಟ ಅಂತಾನೂ ಹೇಳಿಲ್ವಲ್ಲೇ!"

ಅಕ್ಕ ಕಂಬಿಯ ಮೇಲೇ ಕುಳಿತುಬಿಟ್ಟಳು. "ನಾನೀ ಊರಿಗೆ ಬಂದಾಗಿಂದ ಒಬ್ಬ ತಾಯೀನೂ ಮಗೂನ ನನ್ ಕೈಗೆ ಕೊಟ್ಟೋಳಲ್ಲ. ನಾನು ಎದುರಿಗೆ ಬಂದ್ರೆ ಕಂಕುಳಲ್ಲಿರೋ ಕೂಸಿಗೆ ಸೆರಗು ಮುಚ್ಚೋರು. ಬಂಜೆ ಕಣ್ಣು ಅಂತ. ನಿಮಗೆ ಕಾಣ್ಲಿಲ್ಲ, ನಾನೂ ಹೇಳ್ಲಿಲ್ಲ. ಈ ರೈಲು ಬಂದ್ಮೇಲೆ ಬಯ್ದ್ರೂ ಹೊಡದ್ರೂ ಕೇಳ್ದೆ ಮಕ್ಳು ಬೇಲಿ ನುಸುಳಿಕೊಂಡು ಬತ್ತಿದ್ವು. ನನ್ ಕೈಯಿಂದ ಕೊಬ್ಬರಿ ಬೆಲ್ಲ ಈಸ್ಕೊಂಡು ತಿಂತಿದ್ವು. ಅದು ನಿಂತೋದ್ಮೇಲೆ ಒಂದೂ ಬರ್ಲಿಲ್ಲ. ನಾನು ರೈಲು ನೋಡ್ತಿದ್ದೆ ಅಂದ್ಕೊಂಡ್ರಾ?"

ಭಾವ ಒಮ್ಮೆ ಅಕ್ಕನನ್ನು, ಒಮ್ಮೆ ನನ್ನನ್ನು ನೋಡಿದರು. ಹಾರೆ ಬದಿಗಿಟ್ಟು, ಎಂಜಿನ್ನನ್ನು ಬಿಸಿಲಿಗೆ ಎತ್ತಿಕೊಂಡು ಹೋಗಿ ಸೀಮೆಎಣ್ಣೆಯಲ್ಲಿ ಚಕ್ರ ತೊಳೆಯಲು ಕುಳಿತರು. ನಾನು ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕುಳಿತೆ. ನಾಚಿಕೆಗೋ ಏನೋ, ತಲೆ ಎತ್ತದೆ ಒಂದೊಂದೇ ಚಕ್ರ ಒರೆಸಿಕೊಟ್ಟೆ.

ಮುಂದಿನ ಭಾನುವಾರ ಲಾರಿಯ ಎಣ್ಣೆ ಹಾಕಿದ ರೈಲು ಬೆಳಿಗ್ಗೆಯೇ ಹೊರಟಿತು. ಬೇಲಿಯ ಸಂದಿನಿಂದ ಮಕ್ಕಳು ಒಂದೊಂದಾಗಿ ಬಂದವು. ಹುಚ್ಚರಂಗಯ್ಯನ ಮೊಮ್ಮಗಳಿಗೆ ನೆಗಡಿಯಾಗಿ ಮೂಗು ಸುರಿಯುತ್ತಿತ್ತು. ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡು ತನ್ನ ಸೆರಗಿನಿಂದಲೇ ಮೂಗು ಒರೆಸಿದಳು. ಮಗುವನ್ನು ಕರೆದೊಯ್ಯಲು ಬಂದ ಅದರ ತಾಯಿ ಬೇಲಿಯ ಆಚೆ ನಿಂತು ಅದನ್ನು ನೋಡಿದಳು. ಕರೆಯಲು ಬಾಯಿ ತೆರೆದಳು, ಆದರೆ ಕರೆಯಲಿಲ್ಲ. ಮಗು ಕೊಬ್ಬರಿ ತಿಂದು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.