ಗೌರಮ್ಮಜ್ಜಿಯ ಸೀರೆ

ಗುಮ್ಮಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಗೌರಮ್ಮಜ್ಜಿ ಕೈ ಮುರಿದುಕೊಂಡಿದ್ದರು. ಹಾಲು ಕರೆಯೋದನ್ನ ಹೇಗೂ ಕಲಿಯಬೇಕಿತ್ತಲ್ಲ ಅಂತ, ಅವರ ಹಸು ಕರೆಯೋಕೆ ನಾನೇ ಒಪ್ಪಿಕೊಂಡೆ. ಹೊಸೂರಲ್ಲಿ ಶಿಫ್ಟ್ ಮುಗಿಸಿ ಬಂದು ಕುಕ್ಕರಗಾಲಲ್ಲಿ ಕೂತರೆ, ಹಸು ಎರಡು ಸಲ ತಂಬಿಗೆ ಒದ್ದಿತು. ಬೆಳಿಗ್ಗೆಯಿಂದ ಕರೆಯದೆ ಅದರ ಕೆಚ್ಚಲು ಬಿಗಿದಿತ್ತು.

"ನೀನ್ಯಾರಂತ ಅದ್ಕೇನ್ ಗೊತ್ತು ಕಣ್ಲಾ, ಇದ್ನ ಸುತ್ಕೊ" ಅಂತ ಅಜ್ಜಿ ಉಟ್ಟು ಬಿಟ್ಟಿದ್ದ ಸೀರೆ ಕೊಟ್ಟರು. ನಾಚಿಕೊಳ್ಳೋಕೂ ನನಗೆ ತ್ರಾಣ ಇರಲಿಲ್ಲ. ಪ್ಯಾಂಟಿನ ಮೇಲೆಯೇ ಸುತ್ತಿಕೊಂಡೆ. ಹಸು ಸೆರಗು ಮೂಸಿ, ಸುಮ್ಮನೆ ನಿಂತು ಹಾಲು ಕೊಟ್ಟಿತು.

ಹಸು ನನ್ನ ಬದಲು ಸೀರೆಯನ್ನು ನಂಬಿದ್ದಕ್ಕೆ ಬೇಜಾರೇನೂ ಆಗಲಿಲ್ಲ. ಫ್ಯಾಕ್ಟರಿ ಗೇಟಲ್ಲೂ ಏಳು ವರ್ಷದಿಂದ ಕೊರಳಿನ ಕಾರ್ಡ್ ನೋಡಿಯೇ ನನ್ನನ್ನು ಒಳಗೆ ಬಿಡೋದು. ಹಸು ಮೂಸಿಯಾದರೂ ನೋಡಿತು.