ಅತ್ತಿಗೆ ನೋಡಲು ಬಂದ ಡಯೋಡ್

ರಾಯದುರ್ಗದ ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಮಷಿನ್ ಓಡುತ್ತಿದ್ದ ಕಾಲ ಅದು. ಸಂಶೋಧನೆಗೆಂದು ಊರು ಬಿಟ್ಟಿದ್ದ ನಾನು ರಜೆಗೆ ಬಂದಿದ್ದೆ. ತಿರುಗಿ ಹೋಗಬಾರದೆಂದು ಒಳಗೊಳಗೇ ತೀರ್ಮಾನಿಸಿದ್ದೆ. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆಗ ಅದೆಲ್ಲ ಲ್ಯಾಪ್‌ಟಾಪಿನ ಮೇಲೆ.

ನನ್ನ ಕೆಲಸ ಒಂದು ಬಗೆಯ ಡಯೋಡಿನದು. ಅದರೊಳಗೆ ಕೆಲವೇ ಪರಮಾಣುಗಳಷ್ಟು ತೆಳುವಾದ ಎರಡು ಗೋಡೆಗಳಿರುತ್ತವೆ. ಎಲೆಕ್ಟ್ರಾನು ಅವನ್ನು ಹತ್ತಿ ದಾಟುವುದಿಲ್ಲ, ಶಕ್ತಿ ಸರಿಹೊಂದಿದರೆ ತೂರಿಕೊಂಡೇ ಆಚೆ ಹೋಗುತ್ತದೆ. ವೋಲ್ಟೇಜ್ ಏರಿಸುತ್ತ ಹೋದರೆ ವಿದ್ಯುತ್ ಪ್ರವಾಹ ಏರಿ, ತಟ್ಟನೆ ಇಳಿದು, ಮತ್ತೆ ಏರುತ್ತದೆ. ನಾನು ಡಯೋಡನ್ನು ಕೈಯಲ್ಲಿ ಮಾಡುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ಲೆಕ್ಕವಾಗಿ ಕಟ್ಟುತ್ತಿದ್ದೆ. ಪ್ರಯೋಗಾಲಯದವರು ಅಳೆದು ಎಳೆದ ಗ್ರಾಫಿನ ಗೆರೆಗೂ ನನ್ನ ಗೆರೆಗೂ ತಾಳೆಯೇ ಆಗುತ್ತಿರಲಿಲ್ಲ. ಅವರದು ಸ್ವಲ್ಪ ಇಳಿದರೆ ನನ್ನದು ಪಾತಾಳಕ್ಕೇ ಇಳಿಯುತ್ತಿತ್ತು.

ಅತ್ತಿಗೆ ರೊಳ್ಳದ ಕಡೆಯವರು. ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದರು. ಒಂದು ಮಧ್ಯಾಹ್ನ ಮಷಿನ್ ನಿಲ್ಲಿಸಿ, ಕೈಗೆ ಹತ್ತಿದ ನೀಲಿ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕುಳಿತರು.

“ಎಲ್ಲೈತಮ್ಮ ನೀನ್ ಮಾಡಿದ್ದು? ತೋರ್ಸು.”

“ತೋರ್ಸಾಕ ಏನೂ ಇಲ್ರಿ ಅತ್ಗಿ. ಬರೀ ಲೆಕ್ಕ, ಅದೂ ತಪ್ಪು. ನಾ ಇದನ್ನ ಬಿಟ್ಟುಬಿಡ್ತೀನ್ರಿ.”

“ತಪ್ಪಾದ್ರೆ ಏನ್ ಹಾಳಾಗ್ತೈತೆ?”

“ಏನೂ ಹಾಳಾಗಲ್ರಿ. ಅಂಕಿ ಬದಲಿಸಿ ಮತ್ತ ಓಡ್ಸದು, ಅಷ್ಟ.”

ಅತ್ತಿಗೆ ತಮ್ಮ ನೀಲಿ ಬೆರಳುಗಳನ್ನು ನೋಡಿಕೊಂಡರು.

“ಬೆಂಗ್ಳೂರಾಗೆ ಕತ್ರಿಸಾಕೆ ನಾನ್ ಹಾಕಿದ್ ಗುರುತು ಒಂದು ಬೆರಳಷ್ಟು ಜಾರಿತ್ತು,” ಎಂದರು. “ಒಂದರ ಮೇಲೊಂದು ಹಾಸಿದ್ ಬಟ್ಟೆ, ಇಡೀ ಅಟ್ಟಿ ಹಾಳಾಯ್ತು. ಸಾಯಂಕಾಲಕ್ಕೆ ಮನೆಗೆ ಕಳಿಸಿಬಿಟ್ರು.”

ಅವರು ಕೆಲಸ ಬಿಟ್ಟದ್ದು ಮದುವೆಗೆಂದೇ ನಾವೆಲ್ಲ ತಿಳಿದಿದ್ದೆವು. ಅಣ್ಣನಿಗಾದರೂ ಗೊತ್ತಿತ್ತೋ ಇಲ್ಲವೋ.

“ಓಡ್ಸು, ನೋಡಾನ,” ಎಂದರು.

ನನ್ನ ಲೆಕ್ಕದ ಎಲೆಕ್ಟ್ರಾನು ಎಲ್ಲೂ ಎಡವದೆ ನೇರ ಹೋಗುತ್ತಿತ್ತು. ನಿಜದ್ದು ದಾರಿಯಲ್ಲಿ ಅಲ್ಲಲ್ಲಿ ಡಿಕ್ಕಿ ಹೊಡೆಯುತ್ತದೆ. ಅದನ್ನು ಸೇರಿಸಿ ಓಡಿಸಿದೆ. ಗೆರೆ ನಿಧಾನವಾಗಿ ಮೂಡಿತು. ಈ ಸಲ ಅದು ಇಳಿಯಲೇ ಇಲ್ಲ.

“ತಪ್ಪಾ?”

“ಹೌದ್ರಿ, ತಪ್ಪು.”

ಅತ್ತಿಗೆ ಕತ್ತರಿಸಿದ ಚೂರು ಹುಡುಕುವವರಂತೆ ಸುತ್ತ ನೆಲವನ್ನೆಲ್ಲ ನೋಡಿದರು. ಅಲ್ಲಿ ಒಂದು ಚೂರೂ ಇರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು.

“ಇನ್ನೊಂದು ತಪ್ಪು ಮಾಡಮ್ಮ,” ಎಂದರು. “ನಾನ್ ಕುಂತಿರ್ತೀನಿ.”