ಕಹಿ ಬರಲಿಲ್ಲ ಎಂದವರ ಮಾಸ್ಕ್

ಕೂಲಿಯವರನ್ನು ಕರೆತರುವ ಮುಕದ್ದಮ್ ಅವತ್ತು ಕಣ್ಣು ಹೊಡೆದದ್ದನ್ನು ನಾನು ನಿಜವಾಗಿ ಕಂಡೆನೋ, ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ ಹೇಳಲಾರೆ. ಆ ದಿನದ ಮಟ್ಟಿಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಆಗ ನಾನಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನೆಂದು ದೂಳು ತಡೆಯುವ ಮಾಸ್ಕ್‌ಗಳ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ಮಾಸ್ಕ್ ಹಾಕಿದವನ ತಲೆಯ ಮೇಲೆ ಪಾರದರ್ಶಕ ಚೀಲ ಇಳಿಬಿಟ್ಟು, ಅದರ ತೂತಿನಿಂದ ಕಹಿ ದ್ರಾವಣ ಸಿಂಪಡಿಸಬೇಕು. ನಾಲಿಗೆಗೆ ಕಹಿ ತಾಗಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಅದಕ್ಕೂ ಮೊದಲು, ಮಾಸ್ಕ್ ಇಲ್ಲದೆ ಸಿಂಪಡಿಸಿ, ಆ ಮನುಷ್ಯನಿಗೆ ಕಹಿ ಗೊತ್ತಾಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಪಾಸಾದವರಿಗೆ ಸಿಮೆಂಟು ತುಂಬಿಡುವ ಸೈಲೋದೊಳಗೆ ಇಳಿದು, ಗೋಡೆಗೆ ಅಂಟಿದ್ದನ್ನು ಕೆರೆಯುವ ಕೆಲಸ. ಫೇಲಾದವರಿಗೆ ಕೆಲಸವೇ ಇಲ್ಲ. ಹಾಗಾಗಿ ಪ್ರತಿಯೊಬ್ಬನ 'ಕಹಿ ಇಲ್ಲ' ಎಂಬ ಮಾತೂ ನನಗೆ ಅನುಮಾನವೇ.

ಚಿತ್ತಾಪುರ ಕಡೆಯ ಹಿರಿಯರೊಬ್ಬರು ದವಡೆಯಲ್ಲಿ ಜರ್ದಾ ತಂಬಾಕು ಇಟ್ಟುಕೊಂಡೇ ಬಂದರು. ಉಗುಳಿ, ಬಾಯಿ ತೊಳೆದು ಬರಲು ಹೇಳಿದೆ. ಮಾಸ್ಕ್ ಇಲ್ಲದ ಆ ಮೊದಲ ಪರೀಕ್ಷೆಯನ್ನು ಅವರಿಗೆ ಮಾಡಿದೆನೋ, ಉದ್ದ ಸಾಲು ನೋಡಿ ಬಿಟ್ಟೆನೋ, ಅದೂ ನೆನಪಿಲ್ಲ. ಮಾಸ್ಕ್ ಹಾಕಿಸಿ, ಸಿಂಪಡಿಸಿ ಕೇಳಿದೆ:

"ಕಹಿ ಬಂತೇನ್ರಿ ಕಾಕಾ?"

"ಏನೂ ಇಲ್ರಿ ಸಾಹೇಬ್ರ."

ಬಾಗಿಲಲ್ಲಿದ್ದ ಮುಕದ್ದಮ್, ಅವರನ್ನು ಕೆಲಸಕ್ಕೆ ಕರೆತಂದವನು, ಹೇಳಿದ: "ನಮ್ ಕಾಕಾಗ ಹಾಗಲಕಾಯಿ ಪಲ್ಯಾನೂ ಸಿಹಿ ಶಿರಾ ಇದ್ದಂಗರಿ. ಪಾಸ್ ಅಂತ ಬರಕೋರಿ, ಹಿಂದ ಮಂದಿ ನಿಂತಾರ."

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಮುಕದ್ದಮ್ ಕಣ್ಣು ಹೊಡೆದಿದ್ದರೆ ಅದು ಆಗಲೇ. ಪಾಸ್ ಎಂದು ಬರೆದೆ.

ಎಂಟು ತಿಂಗಳಾದ ಮೇಲೆ ಸೇಡಂ ಬಸ್ಸಿನಲ್ಲಿ ಆ ಕಾಕಾ ನನ್ನ ಪಕ್ಕದಲ್ಲೇ ಕೂತರು. ಬೀಗರ ಮನೆಯ ಮದುವೆ ಮುಗಿಸಿ ಹೊರಟಿದ್ದರು. ನಡುನಡುವೆ ಕೆಮ್ಮುತ್ತಿದ್ದರು.

"ಸಾರಿಗೆ ಉಪ್ಪೇ ಹಾಕಿದ್ದಿಲ್ಲಂತ್ರಿ. ಮಂದಿ ಎಲ್ಲಾ ಬೈಲಿಕತ್ತಿದ್ರು. ನಂಗೇನ ಗೊತ್ತೇ ಆಗಲಿಲ್ಲ. ಯುಗಾದಿ ಬೇವು ತಿಂದ್ರೂ ಅಷ್ಟೇರಿ, ಹತ್ತು ವರ್ಷ ಆತು."

"ಅವತ್ತ ಯಾಕ ಹೇಳಲಿಲ್ರಿ ಕಾಕಾ?"

"ಕಹಿ ಬಂತೇನು ಅಂತ ಕೇಳಿದ್ರಿ. ಬರಲಿಲ್ಲ ಅಂದೆ. ಸುಳ್ಳೇನ್ ಹೇಳೀನ್ರಿ?"

ಈ ಮಾತನ್ನೂ ನಾನು ನಂಬಲಿಲ್ಲ. ಸೈಲೋ ಕೆಲಸ ಸಾಕಾಗಿ, ಹೊರಗಿನ ಕೆಲಸ ಕೇಳಲು ಹೂಡಿದ ಉಪಾಯವೂ ಇರಬಹುದು. ಮರುದಿನ ಅವರನ್ನು ಕರೆಸಿದೆ. ದ್ರಾವಣದ ಮೇಲೂ ಸಂಶಯವಿತ್ತು; ಒಂದು ಹನಿ ನನ್ನ ನಾಲಿಗೆಗೇ ಹಾಕಿಕೊಂಡೆ. ಚಹಾ ಕುಡಿದರೂ ಆ ಕಹಿ ಹೋಗಲಿಲ್ಲ. ಆಮೇಲೆ ಮಾಸ್ಕ್ ಇಲ್ಲದೆ ಅವರ ತಲೆಗೆ ಚೀಲ ಇಳಿಬಿಟ್ಟು, ಮುಖದಿಂದ ಕಣ್ಣು ತೆಗೆಯದೆ ಸಿಂಪಡಿಸಿದೆ.

"ನೌಕರಿ ಹೋಗ್ತದೇನ್ರಿ ಸಾಹೇಬ್ರ?" ಎಂದರು ಚೀಲದೊಳಗಿಂದ.

ನಾನು ಸಿಂಪಡಿಸುವ ಪಂಪು ಒತ್ತುತ್ತಲೇ ಹೋದೆ. ಮೂವತ್ತು ಸಲ ಒತ್ತಿದರೂ ಅವರ ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಅವರಿಗೆ ಕಹಿ ತಿಳಿಯುವುದಿಲ್ಲ ಎಂಬುದು ನಿಜ. ನಾನು ಪಾಸ್ ಎಂದು ಬರೆದಿದ್ದರೂ, ಎಂಟು ತಿಂಗಳು ಅವರು ಸೈಲೋದೊಳಗೆ ಹಾಕಿಕೊಂಡ ಮಾಸ್ಕ್ ಸೋರುತ್ತಿತ್ತೋ ಇಲ್ಲವೋ ನಿಜವಾಗಿ ಯಾರೂ ಪರೀಕ್ಷಿಸಿರಲಿಲ್ಲ.